ಐದೂ ಬೋರಲು

ಚೀಲದ ಬಣ್ಣ ನನಗೆ ನೆನಪಿಲ್ಲ. ಈ ಸಂಗತಿಯನ್ನು ಹಿಂದೆ ಎರಡು ಸಲ ಹೇಳುವಾಗ ನೀಲಿ ಎಂದಿದ್ದೆ. ಕಡಲಿನಿಂದ ಬಂದದ್ದಲ್ಲವೇ, ನಾನೇ ನೀಲಿ ಬಳಿದಿರಬೇಕು. ಟಿಪ್ಪಣಿ ಪುಸ್ತಕದಲ್ಲಿ ಇರುವುದು ಇಷ್ಟೇ: "ಚೀಲ ಒಂದು. ಹವಳದ ಹಲಗೆ ಹನ್ನೊಂದು. ನಾತ." ನಾತದ ಬಗ್ಗೆ ಅನುಮಾನವಿಲ್ಲ. ಬ್ಲೀಚಿಂಗ್ ಪೌಡರು ಮತ್ತು ಒಣಮೀನು ಬೆರೆತ ಆ ವಾಸನೆ ಮೂರು ದಿನ ನಮ್ಮ ಮಹಡಿ ಬಿಟ್ಟು ಹೋಗಲಿಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ.

ತೊಂಬತ್ತರ ದಶಕದ ನಡುವಿನ ಒಂದು ಏಪ್ರಿಲ್. ನಾಗಪುರದ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ನನ್ನ ಕೆಲಸ ಕಲ್ಲಿದ್ದಲು ನೋಡುವುದು. ಗಣಿಯಿಂದ ಬಂದ ಗಟ್ಟಿಗಳನ್ನು ಬೆಳಕು ಹಾಯುವಷ್ಟು ತೆಳುವಾಗಿ ಸವೆಸಿ, ಗಾಜಿಗೆ ಅಂಟಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಅದು ಯಾವ ಕಾಲದ ಕಾಡು ಎಂದು ಹೇಳುವುದು. ಸಮುದ್ರಕ್ಕೂ ನನಗೂ ಸಂಬಂಧವಿರಲಿಲ್ಲ. ಆದರೆ ಕರಾವಳಿಯ ಒಂದು ಸಂಸ್ಥೆಯ ಕಲ್ಲು ಕತ್ತರಿಸುವ ಯಂತ್ರ ಕೆಟ್ಟಿತ್ತು, ನಮ್ಮದು ಸರಿಯಾಗಿತ್ತು. ಚೀಲದ ಜೊತೆ ಒಂದು ಪತ್ರ ಬಂತು. ಲಕ್ಷದ್ವೀಪದ ಒಂದು ದ್ವೀಪದ ಹೊರಮೈಯಲ್ಲಿ, ಸುಮಾರು ಎಪ್ಪತ್ತು ಮೀಟರ್ ಆಳದಲ್ಲಿ ಬಂಡೆಯ ಒಂದು ಅಂಚಿದೆ. ಹಡಗಿನಿಂದ ಬಲೆ ಎಳೆದಾಗ ಅಲ್ಲಿ ಸಿಕ್ಕ ಹವಳ ಇದು. ಪ್ರಶ್ನೆ ಒಂದೇ: ಇದು ಸಿಕ್ಕ ಜಾಗದಲ್ಲೇ ಬೆಳೆದದ್ದೋ, ಮೇಲಿನ ದಿಬ್ಬದಿಂದ ಉದುರಿ ಬಿದ್ದದ್ದೋ?

ಹಲಗೆಗಳನ್ನು ಮೇಲೆತ್ತಿದಾಗಲೇ ಇದು ಗೊತ್ತಾಗಬೇಕಿತ್ತು. ಜೀವವಿದ್ದರೆ ಮೈಮೇಲೆ ಕಂದು ಬಣ್ಣದ ಲೋಳೆ ಇರುತ್ತದೆ. ಆದರೆ ಹಡಗಿನವರು ನಾತ ತಾಳಲಾರದೆ, ಸಂಶೋಧಕರು ಏಳುವ ಮೊದಲೇ ಇಡೀ ರಾಶಿಯನ್ನು ಬ್ಲೀಚಿಂಗ್ ಪೌಡರಿನ ನೀರಲ್ಲಿ ಅದ್ದಿಬಿಟ್ಟಿದ್ದರು. ಉಳಿದದ್ದು ಬಿಳಿ ಎಲುಬು.

ಆ ರಾಶಿಯ ಒಡತಿ ಫೋನಿನಲ್ಲಿ ಮಾತಾಡಿದಳು. ಕುಂದಾಪುರದ ಕಡೆಯವಳು, ತಾತ್ಕಾಲಿಕ ಹುದ್ದೆಯ ಸಂಶೋಧಕಿ. ಎಸ್‌ಟಿಡಿಯ ಗೊರಗೊರ ಸದ್ದಿನಲ್ಲಿ ನಾನೂ ಕನ್ನಡದವಳು ಎಂದು ಗೊತ್ತಾದ ಮೇಲೆ ಅವಳ ಮಾತಿಗೆ ಬ್ರೇಕ್ ಇರಲಿಲ್ಲ.

"ಮೇಡಂ, ಅಷ್ಟು ಆಳದಲ್ಲಿ ಕತ್ತಲೆ ಅಂತ ಎಲ್ಲರೂ ಹೇಳ್ತಾರೆ. ಕತ್ತಲೆ ಅಲ್ಲ ಮಾರಾಯ್ರೆ. ಮುಸ್ಸಂಜೆ. ದೀಪ ಹಚ್ಚುದಾ ಬೇಡವಾ ಅಂತ ಆಗ್ತದಲ್ಲ, ಅಷ್ಟು ಬೆಳಕುಂಟು. ಅಷ್ಟರಲ್ಲೇ ಬದುಕುವ ಹವಳ ಇದು. ಹಾಗಾಗಿಯೇ ಚಪ್ಪಟೆ. ಇದ್ದ ಬೆಳಕನ್ನೆಲ್ಲ ಹಿಡಿಲಿಕ್ಕೆ ಮೈ ಹರಡಿಕೊಳ್ತದೆ."

"ಚಪ್ಪಟೆ ಇದ್ದದ್ದು ಮ್ಯಾಲಿಂದ ಮುರದು ಬಿದ್ದಿರಬಹುದಲ್ಲವಾ? ಅಂಥಾವು ಮ್ಯಾಲೂ ನೆರಳಿನ್ಯಾಗ ಬೆಳೀತಾವ ಅಂತ ಓದೇನಿ."

"ಬಿದ್ದಿರಬಹುದು. ಅದಕ್ಕೇ ನಿಮಗೆ ಕಳ್ಸಿದ್ದು. ಮೇ ನಡುವಿಗೆ ಹಡಗು ಮತ್ತೆ ಹೋಗ್ತದೆ. ಮಳೆಗಾಲಕ್ಕೆ ಮುಂಚೆ ಅದೊಂದೇ. ಇದು ಉದುರಿದ ಚೂರು ಅಂತಾದ್ರೆ ಆ ಅಂಚನ್ನು ಹಡಗು ನಿಲ್ಲುವ ಜಾಗಗಳ ಪಟ್ಟಿಯಿಂದ ತೆಗೀತಾರೆ. ಒಮ್ಮೆ ತೆಗೆದ್ರೆ ಮತ್ತೆ ಯಾವಾಗ ಅಂತ ನಾನು ಹೇಳ್ಲಿಕ್ಕೆ ಬರುದಿಲ್ಲ. ನನ್ನ ಹುದ್ದೆಯೂ ಅಲ್ಲಿಗೇ ಮುಗೀತದೆ."

ಚೀಲವನ್ನು ಕೆಳಗಿನ ಕಾರ್ಯಾಗಾರಕ್ಕೆ ಒಯ್ದೆ. ತಗಡಿನ ಮಾಡಿನ ಉದ್ದನೆಯ ಕೋಣೆ, ವಜ್ರದ ಅಂಚಿನ ಎರಡು ಗರಗಸ, ಸವೆಸುವ ಒಂದು ಚಕ್ರ. ಅಲ್ಲಿ ರಾಜ್ಯಭಾರ ಮಿಸ್ತ್ರಿಯವರದು. ಸಾವನೇರ್ ಹತ್ತಿರದ ಗಣಿಯಲ್ಲಿ ಇಪ್ಪತ್ತು ವರ್ಷ ದುಡಿದು ಇಲ್ಲಿಗೆ ಬಂದವರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ನಾಗಪುರದ ಹಿಂದಿ, ನಡುನಡುವೆ ಮರಾಠಿ. ಆದರೆ ನನ್ನ ತಲೆಯಲ್ಲಿ ಅವರು ಈಗ ನಮ್ಮ ಗದಗಿನ ಕಡೆಯ ಕನ್ನಡವನ್ನೇ ಆಡುತ್ತಾರೆ. ಅದನ್ನು ತಿದ್ದಲು ಹೋದರೆ ಮನುಷ್ಯರೇ ಕೈತಪ್ಪುತ್ತಾರೆ. ಕೇಳಿಸಿದ ಹಾಗೆ ಬರೆಯುತ್ತೇನೆ.

"ಇದೇನ ಮ್ಯಾಡಮ್, ಭಾಕರಿ ತಂದೀರಿ?"

ನಿಜವಾಗಿಯೂ ರೊಟ್ಟಿಯ ಹಾಗೇ ಇದ್ದವು. ಅಂಗೈ ಅಗಲ, ಐದಾರು ಮಿಲಿಮೀಟರ್ ದಪ್ಪ. ಒಂದು ಬದಿ ಸ್ವಚ್ಛ, ನವಿರಾದ ಗೀರುಗಳು. ಇನ್ನೊಂದು ಬದಿಗೆ ಏನೇನೋ ಮೆತ್ತಿಕೊಂಡಿತ್ತು: ತಿಳಿಗುಲಾಬಿ ಬಣ್ಣದ ಸುಣ್ಣದ ಪೊರೆ, ಹುಳುಗಳ ಸುರುಳಿ ಕೊಳವೆ, ಸಾಸಿವೆಯಷ್ಟು ಚಿಕ್ಕ ಚಿಪ್ಪು.

ಕಾರ್ಯಾಗಾರದಲ್ಲಿ ಒಂದು ರೂಢಿ ಇತ್ತು. ಗಣಿಯ ಪ್ರತಿ ಗಟ್ಟಿಯ ಮೇಲೂ ಕೆಂಪು ಬಣ್ಣದ ಬಾಣ ಇರುತ್ತದೆ, ಅದರ ಮೊನೆ ಗಣಿಯ ಚಾವಣಿಯ ಕಡೆಗೆ. ಯಾವುದು ಮೇಲೆ ಯಾವುದು ಕೆಳಗೆ ಎಂದು ಗೊತ್ತಿಲ್ಲದ ಕಲ್ಲನ್ನು ಮಿಸ್ತ್ರಿ ಗರಗಸಕ್ಕೆ ಕೊಡುತ್ತಿರಲಿಲ್ಲ. ಒಮ್ಮೆ ಹಾಕಿದ ಬಾಣವನ್ನು ಅಳಿಸುವುದೂ ಇಲ್ಲ; ಅಳಿಸುತ್ತ ಹೋದರೆ ಯಾವ ಕಲ್ಲನ್ನೂ ನಂಬಲಾಗದು. ಕಡಲಿನಿಂದ ಬಂದ ಹಲಗೆಗಳಿಗೆ ಬಾಣ ಇರಲಿಲ್ಲ.

ನನ್ನ ಕಣ್ಣಿಗೆ ಕಟ್ಟಿರುವ ಚಿತ್ರ ಇದು: ಮಿಸ್ತ್ರಿ ಒಂದು ಹಲಗೆ ಎತ್ತಿ, ತಿರುಗಿಸಿ ನೋಡಿ, ಕೊಳೆ ಇದ್ದ ಬದಿಯೇ ಮೇಲೆ ಎಂದು ತಾವೇ ತೀರ್ಮಾನಿಸಿ, ಕುಂಚ ಅದ್ದಿ ಬಾಣ ಎಳೆಯುತ್ತಾರೆ. ನಾನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೇನೆ. ಈ ಚಿತ್ರ ಸ್ಪಷ್ಟವಾಗಿದೆ. ಎಷ್ಟು ಸ್ಪಷ್ಟವೆಂದರೆ ಅವರ ಹೆಬ್ಬೆರಳಿಗೆ ಬಣ್ಣ ಹತ್ತಿದ್ದೂ ಕಾಣುತ್ತದೆ.

ಮೊದಲು ಐದು ಹಲಗೆ ಕತ್ತರಿಸಿದೆವು. ಹವಳ ಜೊಳ್ಳು ಕಲ್ಲು, ಗರಗಸ ತಾಗಿದರೆ ಪುಡಿಯಾಗುತ್ತದೆ. ಹಾಗಾಗಿ ಮೊದಲು ರಾಳದಲ್ಲಿ ಮುಳುಗಿಸಿ, ಗಾಳಿ ಹೀರಿ ತೆಗೆದು, ರಾಳ ಪ್ರತಿ ರಂಧ್ರಕ್ಕೂ ಇಳಿದು ಗಟ್ಟಿಯಾಗುವ ತನಕ ಕಾಯಬೇಕು. ಆಮೇಲೆ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಸೀಳಬೇಕು. ರೊಟ್ಟಿಯನ್ನು ಮುರಿದು ಅದರ ಅಂಚನ್ನು ನೋಡುವ ಹಾಗೆ. ಆ ಅಂಚನ್ನು ಗಾಜಿಗೆ ಅಂಟಿಸಿ ಸವೆಸುವುದು.

ನಾನು ಹುಡುಕುತ್ತಿದ್ದದ್ದು ಕೆಸರು. ಹವಳದ ಒಳಗೆ ಹುಳುಗಳು ಕೊರೆದ ಪುಟ್ಟ ಬಿಲಗಳಿರುತ್ತವೆ. ಅವುಗಳಿಗೆ ಸುಣ್ಣದ ನುಣ್ಣನೆಯ ಕೆಸರು ಇಳಿದು ತಳದಲ್ಲಿ ಕೂರುತ್ತದೆ, ಲೋಟದ ತಳದಲ್ಲಿ ಕಾಫಿಯ ಚರಟ ಕೂತಂತೆ. ಕೆಸರಿನ ಮೇಲ್ಮೈ ಮಟ್ಟಸ, ಅದರ ಮೇಲಿನ ಜಾಗ ಖಾಲಿ. ಕಾಲ ಕಳೆದಂತೆ ಕೆಸರು ಕಲ್ಲಾಗುತ್ತದೆ. ಆಮೇಲೆ ಹಲಗೆಯನ್ನು ಯಾರು ಹೇಗೆ ಉರುಳಿಸಿದರೂ, ಕೆಸರು ಕೂತಾಗ ಯಾವ ಬದಿ ಮೇಲಿತ್ತು ಎಂಬುದು ಒಳಗೇ ಉಳಿಯುತ್ತದೆ. ಗಾರೆ ಕೆಲಸದವರ ರಸಮಟ್ಟದಂತೆ.

ಮೊದಲ ಸ್ಲೈಡ್: ಕೆಸರು ಬಾಣದ ಮೊನೆಯ ಕಡೆ ಕೂತಿತ್ತು. ಅಂದರೆ ಹಲಗೆ ತಲೆಕೆಳಗಾಗಿ ಬಿದ್ದಿತ್ತು. ಎರಡನೆಯದೂ ಹಾಗೇ. ಮೂರು, ನಾಲ್ಕು, ಐದು. ಐದೂ ಬೋರಲು. ಇದಕ್ಕಿಂತ ಖಚಿತವಾದ ಸಾಕ್ಷ್ಯ ಸಿಗುವುದೇ ಅಪರೂಪ ಅನಿಸಿತು. ಇದ್ದ ಜಾಗದಲ್ಲೇ ಬೆಳೆದ ಹವಳ ಬೋರಲು ಇರುವುದಿಲ್ಲ. "ಮೇಲಿನಿಂದ ಉದುರಿದ್ದು" ಎಂದು ವರದಿ ಬರೆದು ಸಹಿ ಹಾಕಿದೆ. ಮುಖ್ಯಸ್ಥರೂ ಸಹಿ ಹಾಕಿದರು. ಫ್ಯಾಕ್ಸ್ ಹೋಯಿತು.

ಸಂಜೆ ಅವಳ ಫೋನ್ ಬಂತು.

"ಐದೂನಾ ಮೇಡಂ?"

"ಐದೂ."

"ಐದಕ್ಕೆ ಐದೂ ಬೋರಲು ಬೀಳುದುಂಟಾ? ನಮ್ಮನೆ ದೋಸೆ ಕೂಡ ಅಷ್ಟು ಸರಿಯಾಗಿ ಮಗುಚುದಿಲ್ಲ." ನಗಲು ನೋಡಿದಳು, ಆಗಲಿಲ್ಲ. "ಇರ್ಲಿ. ನೀವು ನೋಡಿದ್ದನ್ನು ತಾನೇ ಬರಿಯುದು."

ಆ ಮಾತಿಗೆ ನಾನು ಕಿವಿಗೊಡಬೇಕಿತ್ತು. ಕೊಡಲಿಲ್ಲ. ನಾಲ್ಕು ದಿನ ಬೇರೆ ಕೆಲಸ ಮಾಡಿದೆ ಎಂದು ಪುಸ್ತಕ ಹೇಳುತ್ತದೆ. ಏನು ಮಾಡಿದೆನೋ ನೆನಪಿಲ್ಲ.

ಐದನೆಯ ದಿನ ಯಾವುದೋ ಗಣಿಯ ಗಟ್ಟಿಗಳನ್ನು ಹಿಡಿದು ಕಾರ್ಯಾಗಾರಕ್ಕೆ ಇಳಿದೆ. ಹೊರಗೆ ನಲವತ್ತನಾಲ್ಕು ಡಿಗ್ರಿ ಇದ್ದೀತು. ಮಿಸ್ತ್ರಿ ಏಣಿ ಹತ್ತಿ, ತಗಡಿನ ಒಳಮೈಯಲ್ಲಿ ಕಟ್ಟಿದ್ದ ಕಣಜದ ಮಣ್ಣಿನ ಗೂಡುಗಳನ್ನು ಉದ್ದ ಕೋಲಿನಿಂದ ಕೆರೆಯುತ್ತಿದ್ದರು. ಗರಗಸದ ನೀರಿಗೆ ಮಣ್ಣು ಉದುರುತ್ತಿತ್ತು. ಗೂಡುಗಳ ಜೊತೆ ಜೇಡನ ಬಲೆ, ಹಲ್ಲಿಯ ಮೊಟ್ಟೆಯ ಬಿಳಿ ಗುರುತು, ಎಂದೋ ಹತ್ತಿದ ಗೆದ್ದಲಿನ ಗೆರೆ.

"ಎಲ್ಲಾ ಒಳಗ ಕಟ್ಟಿಕೊಂಡಾವಲ್ಲ, ಮಿಸ್ತ್ರಿಜೀ."

"ಮತ್ತ ಛತ್ತಿನ ಮ್ಯಾಲೆ ಯಾಂವ ಇರತಾನ ಮ್ಯಾಡಮ್, ಈ ಬಿಸಿಲಾಗ? ಮ್ಯಾಲೆ ಹೋಗಿ ನೋಡ್ರಿ, ತಗಡು ತೊಳದಂಗ ಸಾಫ್ ಐತಿ. ಬಿಡಾರ ಹೂಡಾವ್ರೆಲ್ಲಾ ಕೆಳಗನ."

ಕೈಯಲ್ಲಿದ್ದ ಗಟ್ಟಿಗಳನ್ನು ಎಲ್ಲಿಟ್ಟೆ ಎಂದು ಗೊತ್ತಿಲ್ಲ. ಧೂಳಿನ ಊರಿನವಳು ನಾನು. ಗದಗಿನಲ್ಲೂ ನಾಗಪುರದಲ್ಲೂ ಕೊಳೆ ಕೂರುವುದು ಮೇಲ್ಗಡೆ. ಮೇಜು, ಎಲೆ, ಕಿಟಕಿಯ ಹಲಗೆ, ಎಲ್ಲದರಲ್ಲೂ. ಆದರೆ ಹವಳದ ಮೇಲ್ಮೈ ಮೇಜಲ್ಲ. ಅಲ್ಲಿ ಬದುಕಿರುವ ಮೈ ಹರಡಿಕೊಂಡಿರುತ್ತದೆ, ಇರುವಷ್ಟು ಬೆಳಕಿಗೆ ಬಾಯಿ ತೆರೆದು. ಅದು ಇನ್ನೊಬ್ಬರಿಗೆ ಜಾಗ ಕೊಡುವುದಿಲ್ಲ. ಹುಳು, ಚಿಪ್ಪು, ಗುಲಾಬಿ ಪೊರೆ, ಬಾಡಿಗೆದಾರರೆಲ್ಲ ನೆರಳಿನ ತಳಬದಿಯಲ್ಲಿ. ಕೊಳೆ ಇದ್ದದ್ದು ತಳ. ಬಾಣ ಉಲ್ಟಾ. ಬಾಣ ಉಲ್ಟಾ ಆದರೆ ಐದೂ ಬೋರಲಲ್ಲ, ಐದೂ ನೆಟ್ಟಗಿವೆ. ಐದಕ್ಕೆ ಐದೂ ಒಂದೇ ಥರ ತಪ್ಪಿದ್ದರೆ ತಪ್ಪು ಕಡಲಿನದಲ್ಲ, ಕುಂಚದ್ದು.

ಸಿಟ್ಟು ಬಂತು. ಅದು ಮಿಸ್ತ್ರಿಯವರ ಮೇಲೆ ಬಂತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

"ಬಾಣ ಯಾಕ ಕೊಳಿ ಬಾಜೂಕ ಹಾಕಿದ್ರಿ? ನನ್ನ ಕೇಳಬೇಕಾಗಿತ್ತಲ್ಲ?"

ಅವರು ಏಣಿಯಿಂದ ಇಳಿದರು. ಕಾರ್ಯಾಗಾರದ ರಿಜಿಸ್ಟರ್ ತಂದು ತೆರೆದರು. ಏಪ್ರಿಲ್ ಮೊದಲ ವಾರದ ಪುಟ. ಅವರ ದಪ್ಪ ದೇವನಾಗರಿ ಅಕ್ಷರ: "ಮ್ಯಾಡಮ್ ಅವರನ್ನು ಕೇಳಿದೆ. ಕೊಳೆ ಬದಿ ಮೇಲೆ ಎಂದರು." ಪಕ್ಕದಲ್ಲಿ, ಸಣ್ಣದಾಗಿ, ನನ್ನ ಸಹಿ.

ಮೂರೇ ವಾರ. ಮೂರು ವಾರದಲ್ಲಿ ನನ್ನ ತಲೆ ನನ್ನ ಕೈಯಿಂದ ಕುಂಚ ಕಿತ್ತು ಅವರ ಕೈಗೆ ಕೊಟ್ಟಿತ್ತು. ಸಹಿ ನೋಡಿದ ಮೇಲೂ ಚಿತ್ರ ಬದಲಾಗಲಿಲ್ಲ. ಇವತ್ತಿಗೂ ಕಣ್ಣು ಮುಚ್ಚಿದರೆ ತೀರ್ಮಾನಿಸುವವರು ಅವರೇ, ಬಣ್ಣ ಹತ್ತಿದ ಹೆಬ್ಬೆರಳೂ ಅವರದೇ. ಅಂದಿನಿಂದ ನಾನು ಚಿತ್ರವನ್ನು ನಂಬುವುದಿಲ್ಲ, ರಿಜಿಸ್ಟರನ್ನು ನಂಬುತ್ತೇನೆ.

"ತಪ್ಪಾತು ಮಿಸ್ತ್ರಿಜೀ," ಅಂದೆ.

"ಇರಲಿ ಬಿಡ್ರಿ. ಗಣಿಯೊಳಗ ಬಾಣ ತಪ್ಪಿದ್ರ ಛತ್ತ ತಲಿ ಮ್ಯಾಲೆ ಬೀಳತೈತಿ. ಇಲ್ಲಿ ಯಾರ ತಲಿ ಮ್ಯಾಲೆ ಬೀಳತೈತಿ?"

ಯಾರ ತಲೆಯ ಮೇಲೆ ಎಂದು ನನಗೆ ಗೊತ್ತಿತ್ತು. ಹಡಗಿನ ದಾರಿ ಅಂತಿಮವಾಗಲು ಹತ್ತು ದಿನ ಇತ್ತು.

ಮುಖ್ಯಸ್ಥರು ಒಳ್ಳೆಯವರು, ನಿವೃತ್ತಿಗೆ ಒಂದು ವರ್ಷ ಉಳಿದವರು. ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ಒರೆಸಿದರು. "ಮತ್ತೆ ಪರೀಕ್ಷೆ ಮಾಡಿ, ನಿಮ್ಮ ಮಾತು ಖಚಿತವಾದರೆ 'ಹೆಚ್ಚಿನ ಮಾಹಿತಿ' ಅಂತ ಕಳಿಸೋಣ. ಆಗದಿದ್ದರೆ ಹಳೆಯದು ಹಾಗೇ ಇರಲಿ. ಸಹಿ ಹಾಕಿದ ವರದಿ ವಾಪಸ್ ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ ಮ್ಯಾಡಮ್."

ಅದು ಜಾಣತನದ ಮಾತು. ಆದರೆ ಪರೀಕ್ಷೆ ಮುಗಿಯುವ ತನಕ ಕರಾವಳಿಯ ಮೇಜಿನ ಮೇಲೆ ನನ್ನ ತಪ್ಪು ಕೂತಿರುತ್ತದೆ. ಯಾವ ದಿನ ಯಾರು ಅದನ್ನು ನೋಡಿ ಆ ಅಂಚಿನ ಮೇಲೆ ಗೀಟು ಎಳೆಯುತ್ತಾರೋ ಗೊತ್ತಿಲ್ಲ. ಎರಡನೆಯ ಪರೀಕ್ಷೆಯಲ್ಲಿ ಏನೂ ಸಿಗದೆ ಹೋಗಬಹುದು. ಆಗಲೂ ಮೊದಲನೆಯದು ತಪ್ಪೇ. ನನಗೆ ಸರಿ ಉತ್ತರ ಗೊತ್ತಿರಲಿಲ್ಲ, ಕೊಟ್ಟ ಉತ್ತರಕ್ಕೆ ಕಾಲಿಲ್ಲ ಎಂಬುದು ಮಾತ್ರ ಗೊತ್ತಿತ್ತು.

ನಾಲ್ಕು ಸಾಲು ಬರೆದೆ. ಮೇಲು ಕೆಳಗನ್ನು ನಾನು ತಪ್ಪಾಗಿ ಗುರುತಿಸಿದೆ, ವರದಿಯನ್ನು ಹಿಂತೆಗೆದುಕೊಳ್ಳುತ್ತೇನೆ, ಹೊಸದು ಎಂಟು ದಿನಕ್ಕೆ ಬರುತ್ತದೆ, ಅಲ್ಲಿಯವರೆಗೆ ಅಂಚನ್ನು ಪಟ್ಟಿಯಿಂದ ತೆಗೆಯಬೇಡಿ. ಮುಖ್ಯಸ್ಥರು ಓದಿ, ಸಹಿ ಹಾಕಲಿಲ್ಲ, ತಡೆಯಲೂ ಇಲ್ಲ. "ನಿಮ್ಮ ಹೆಸರಲ್ಲಿ ಹೋಗಲಿ," ಅಂದರು. ಹೋಯಿತು.

ಉಳಿದಿದ್ದದ್ದು ಆರು ಹಲಗೆ. ಈ ಸಲ ನನ್ನನ್ನು ನಾನೇ ನಂಬುವಂತಿರಲಿಲ್ಲ. ಏನು ಸಿಗಬೇಕು ಎಂದು ಗೊತ್ತಿರುವ ಕಣ್ಣು ಅದನ್ನೇ ಕಾಣುತ್ತದೆ. ಹಾಗಾಗಿ ಹೀಗೆ ಮಾಡಿದೆವು. ಹವಳದ ಬಾಯಿಗಳು, ಅಂದರೆ ಜೀವಿ ಕೂರುವ ಪುಟ್ಟ ಬಟ್ಟಲುಗಳು, ಒಂದೇ ಬದಿಗೆ, ಬೆಳಕಿನ ಕಡೆಯ ಮೇಲ್ಬದಿಗೆ, ಇರುತ್ತವೆ ಎಂದು ಫೋನಿನಲ್ಲಿ ಅವಳು ಹೇಳಿದ್ದಳು. ಬರಿಗಣ್ಣಿಗೆ ಕಾಣುವುದು ಕಷ್ಟ. ಮಿಸ್ತ್ರಿ ಕಣ್ಣು ಮುಚ್ಚಿ ಬೆರಳು ಆಡಿಸಿದರು. "ಈ ಬಾಜೂ ಖರಖರಾ. ಆ ಬಾಜೂ ಮೆತ್ತಿದ್ದರ ನಡುವ ಬೋಳು ಐತಿ ನೋಡ್ರಿ, ಅದು ನುಣಪ." ಲೆನ್ಸಿನಲ್ಲಿ ನೋಡಿದರೆ ಖರಖರಾ ಎಂದ ಕಡೆ ಬಟ್ಟಲುಗಳಿದ್ದವು. ಮೊದಲ ಐದರಿಂದ ರಾಳಕ್ಕೆ ಹಾಕದೆ ಉಳಿಸಿದ್ದ ತುಂಡುಗಳ ಮೇಲೂ ಬೆರಳಾಡಿಸಿದರು. ಅಲ್ಲೂ ಬಟ್ಟಲು ಬಾಣದ ಬುಡದ ಕಡೆಗೇ.

ಅವರು ಆರು ಹಲಗೆಯ ಬಟ್ಟಲಿನ ಬದಿಯನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡು, ತಮಗೆ ಮಾತ್ರ ಗೊತ್ತಾಗುವಂತೆ ಗಾಜಿನ ಒಂದು ಮೂಲೆಗೆ ಗೀರು ಹಾಕಿ ಕೊಡುವುದು. ಎರಡೂ ಬದಿಯ ಅಂಚನ್ನು ಅವರೇ ಉಜ್ಜಿ, ಕೊಳೆ ಯಾವ ಕಡೆ, ಬಟ್ಟಲು ಯಾವ ಕಡೆ ಎಂದು ತಿಳಿಯದ ಹಾಗೆ ಮಾಡುವುದು. ನಾನು ಕೆಸರನ್ನು ಮಾತ್ರ ನೋಡಿ, ಮೇಲು ಯಾವ ಕಡೆ ಎಂದು ಕಾಗದದಲ್ಲಿ ಗುರುತಿಸುವುದು. ಕೊನೆಗೆ ಎರಡನ್ನೂ ಪಕ್ಕ ಪಕ್ಕ ಇಡುವುದು.

ಬಿಸಿಲು ಬಿಡಲಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ ನಿಧಾನವಾಗಿ ಗಟ್ಟಿಯಾಗಿದ್ದ ರಾಳ ಈಗ ಸುರಿದ ಹತ್ತು ನಿಮಿಷಕ್ಕೇ ಕುದಿದು, ಹೊಗೆಯಾಡಿ, ಬಿರುಕು ಬಿಟ್ಟಿತು. ಮೊದಲ ಹಲಗೆ ಅದರ ಜೊತೆ ಮೂರು ತುಂಡಾಯಿತು. ಐದು ಉಳಿದವು. ಮಿಸ್ತ್ರಿ ಮನೆಯಿಂದ ಹರಿವಾಣದಂಥ ಮಣ್ಣಿನ ಪಾತ್ರೆ ತಂದು, ನೀರು ತುಂಬಿ, ಅಚ್ಚನ್ನು ಅದರಲ್ಲಿ ತೇಲಿಬಿಟ್ಟು ಕೂಲರಿನ ಮುಂದಿಟ್ಟರು. ಬೆಳಿಗ್ಗೆ ಆರಕ್ಕೇ ಬರತೊಡಗಿದೆವು. ಹಿಂಗಣಾ ಕಡೆಯ ಬಸ್ಸುಗಳಲ್ಲಿ ಮೊದಲ ಪಾಳಿಯವರು ನೇತಾಡಿಕೊಂಡು ಹೋಗುವ ಹೊತ್ತು. ಒಂಬತ್ತಾದರೆ ರಾಳದ ಡಬ್ಬಿ ಮುಚ್ಚುವುದು.

ಇನ್ನೊಂದು ಅನುಮಾನ ನಡುವೆ ಬಂದು ಕೂತಿತು. ಕೆಸರು ಕಲ್ಲಾಗಿರದೆ, ರೈಲಿನಲ್ಲಿ ಚೀಲ ಕುಲುಕುವಾಗ ಜಾರಿ ಕೂತದ್ದಾದರೆ? ಆಗ ಅದು ಕಡಲಿನ ಮಟ್ಟವಲ್ಲ, ಪಾರ್ಸೆಲ್ ಡಬ್ಬಿಯ ಮಟ್ಟ. ತುಂಡಾದ ಹಲಗೆ ಇಲ್ಲಿ ಕೆಲಸಕ್ಕೆ ಬಂತು. ರಾಳ ಮುಟ್ಟದ ಒಂದು ಬಿಲವನ್ನು ತೆರೆದು, ನೀರು ಬಿಟ್ಟು, ಸೂಜಿಯಿಂದ ಕೆದಕಿದೆ. ಸೂಜಿ ಬಾಗಿತು, ಕೆಸರು ಕದಲಲಿಲ್ಲ. ಅರ್ಧ ದಿನ ಹೋಯಿತು, ಆದರೆ ಆ ಮಧ್ಯಾಹ್ನದ ಊಟ ರುಚಿಯಾಗಿತ್ತು.

ಏಳನೆಯ ದಿನ ಐದು ಸ್ಲೈಡ್ ಸಿದ್ಧವಾದವು. ಮುಖ್ಯಸ್ಥರೂ ಇಳಿದು ಬಂದರು, ದಾರಿಯಲ್ಲಿ ಹೋಗುತ್ತಿದ್ದವರ ಹಾಗೆ. ಒಂದರಲ್ಲಿ ಬಿಲಗಳೆಲ್ಲ ಖಾಲಿ, ಓದಲು ಏನೂ ಇಲ್ಲ. ಅದನ್ನು ಪಕ್ಕಕ್ಕಿಟ್ಟೆ. ಉಳಿದ ನಾಲ್ಕರ ಕೆಸರನ್ನು ಎರಡೆರಡು ಸಲ ನೋಡಿ ಗುರುತು ಮಾಡಿದೆ. ಮಿಸ್ತ್ರಿ ತಮ್ಮ ಪುಸ್ತಕ ತೆರೆದು ಗೀರಿನ ಮೂಲೆ ನೋಡಿ ಒಂದೊಂದನ್ನೇ ಹೇಳಿದರು.

"ಎರಡು. ಬರೋಬರ್."

"ಮೂರು. ಬರೋಬರ್."

"ನಾಕು." ಗಾಜನ್ನು ಬೆಳಕಿಗೆ ಹಿಡಿದರು. ತಿರುಗಿಸಿದರು. ಮತ್ತೆ ತಿರುಗಿಸಿದರು.

"ಏನಾತ್ರಿ?"

"ಗೀರು ಸಿಗವಲ್ತು. ತಡೀರಿ. ಹಾಂ. ಬರೋಬರ್."

ಮುಖ್ಯಸ್ಥರು ಕುರ್ಚಿ ಎಳೆದುಕೊಂಡು ಕೂತರು.

"ಆರು. ಬರೋಬರ್."

ಬಟ್ಟಲು ಮೇಲೆ, ಕೆಸರು ತಳದಲ್ಲಿ, ನಾಲ್ಕಕ್ಕೆ ನಾಲ್ಕು. ಬಾಣ ತಿರುಗಿಸಿ ಓದಿದರೆ ಹಳೆಯ ಐದೂ ಸೇರಿ ಒಂಬತ್ತು. ಗುಡ್ಡದಿಂದ ಉರುಳಿದ ರೊಟ್ಟಿಗಳು ಒಂಬತ್ತಕ್ಕೆ ಒಂಬತ್ತು ಅಂಗಾತ ಬೀಳುವುದಿಲ್ಲ. ಇವು ಬೆಳೆದ ಹಾಗೆಯೇ ನಿಂತು, ಆ ಮುಸ್ಸಂಜೆಯಲ್ಲಿ, ಆ ಅಂಚಿನಲ್ಲಿ ಇದ್ದವು. ಬಲೆ ಎಳೆದ ದಿನ ಜೀವವಿತ್ತೋ ಇಲ್ಲವೋ ಹೇಳಲು ನನಗೆ ಸಾಧ್ಯವಿಲ್ಲ ಎಂದೂ ವರದಿಯಲ್ಲಿ ಸೇರಿಸಿದೆ. ಈ ಸಲ ಮುಖ್ಯಸ್ಥರು ಕೇಳುವ ಮೊದಲೇ ಪೆನ್ನು ತೆಗೆದರು.

ಫ್ಯಾಕ್ಸ್ ತಲುಪಿದ್ದಕ್ಕೆ ಅವಳ ಉತ್ತರ ಒಂದೇ ಸಾಲು: "ಅಂಚು ಪಟ್ಟಿಯಲ್ಲಿ ಉಳಿಯಿತು."

ಜೂನ್ ಆರಂಭದಲ್ಲಿ ಫೋನ್ ಬಂತು. ಹಡಗು ಮರಳಿತ್ತು. ಅವಳ ಮಾತನ್ನು ಪೂರ್ತಿ ಕೊಡಲಾರೆ. ಅರ್ಧ ಗೊರಗೊರದಲ್ಲಿ ಹೋಯಿತು, ಉಳಿದರ್ಧವನ್ನು ನಾನು ಇಷ್ಟು ವರ್ಷ ಅಂದಗೊಳಿಸಿರಬಹುದು. ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಮಾತ್ರ ಕೊಡುತ್ತೇನೆ.

"ಮೇಡಂ, ನಾನೇ ಬಲೆ ಹತ್ರ ನಿಂತಿದ್ದೆ. ಬ್ಲೀಚಿಂಗ್ ಡಬ್ಬಿ ಮೇಲೆ ಕೂತ್ಕೊಂಡೇ ಇದ್ದೆ, ಯಾರೂ ಮುಟ್ಟದ ಹಾಗೆ. ಕಂದು ಬಣ್ಣ. ಲೋಳೆ. ನೀರಿನ ಬಕೆಟಿಗೆ ಹಾಕಿ ಬಟ್ಟೆ ಮುಚ್ಚಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದ್ರೆ ಬಾಯಿ ಬಿಟ್ಟಿದೆ ಮಾರಾಯ್ರೆ!"

ಕೆಳಗೆ ಗರಗಸದ ಸದ್ದು ಕೇಳುತ್ತಿತ್ತು. ಇಳಿದು ಹೋದೆ. ಮಿಸ್ತ್ರಿ ನನ್ನ ಮುಖ ನೋಡಿ ಯಂತ್ರ ನಿಲ್ಲಿಸಿದರು.

"ಜಿಂದಾ?"

"ಜಿಂದಾ."

ಅವರು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಇನ್ನು ನಿಮ್ಮ ಸರದಿ ಎನ್ನುವಂತೆ ಬೀರು ತೆರೆದು ಹಳೆಯ ಐದು ತುಂಡುಗಳನ್ನು ಮೇಜಿನ ಮೇಲಿಟ್ಟರು. ಕೆಂಪು ಬಾಣಗಳು ಉಲ್ಟಾ ದಿಕ್ಕಿಗೆ ನೋಡುತ್ತಿದ್ದವು. ನಾನು ಥಿನ್ನರ್ ಬಾಟಲಿಗೆ ಕೈ ಹಾಕಿದೆ.

"ಊಂಹೂಂ. ಅಳಸಂಗಿಲ್ಲ," ಅಂದರು. ನೀಲಿ ಬಣ್ಣದ ಡಬ್ಬಿಯ ಮುಚ್ಚಳ ತೆಗೆದು, ಕುಂಚವನ್ನು ನನ್ನ ಕೈಗೆ ಕೊಟ್ಟರು.

ಪ್ರತಿ ಕೆಂಪು ಬಾಣದ ಪಕ್ಕ, ಎದುರು ದಿಕ್ಕಿಗೆ, ನೀಲಿ ಬಾಣ ಎಳೆದೆ. ಕೆಳಗೆ ನನ್ನ ಹೆಸರಿನ ಮೊದಲಕ್ಷರ. ಐದನೆಯದಕ್ಕೆ ಬರುವಷ್ಟರಲ್ಲಿ ಹೆಬ್ಬೆರಳಿಗೆ ಬಣ್ಣ ಹತ್ತಿತ್ತು. ಮಿಸ್ತ್ರಿ ಅದನ್ನೂ ನೋಡಿದರು, ರಿಜಿಸ್ಟರ್ ಎಳೆದುಕೊಂಡು ಬರೆದುಕೊಂಡರು.